ಸಮಕಾಲೀನ ಚಿತ್ರದ ಗೂಢಾರ್ಥವನ್ನು ಓದುವ ಬಗೆ

ಮಂಗಳೂರಿನ ಯಾವುದೇ ಚಿತ್ರಕಲಾ ಪ್ರದರ್ಶನದಲ್ಲಿ ಅರ್ಧ ಗಂಟೆ ನಿಂತರೆ ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. ಅಮೂರ್ತ ಚಿತ್ರವೊಂದರ ಮುಂದೆ ನಿಂತವರು ಒಂದೋ "ಇದರಲ್ಲಿ ಏನೂ ಇಲ್ಲ, ಬಣ್ಣ ಚೆಲ್ಲಿದ್ದಾರೆ ಅಷ್ಟೆ" ಎನ್ನುತ್ತಾರೆ, ಇಲ್ಲವೇ "ಈ ವೃತ್ತ ಬ್ರಹ್ಮಾಂಡ, ಈ ತ್ರಿಕೋನ ಶಕ್ತಿ, ಈ ಹಾವು ಕುಂಡಲಿನಿ" ಎಂದು ಪಟ್ಟಿ ಒಪ್ಪಿಸುತ್ತಾರೆ. ಮೊದಲನೆಯವರು ನೋಡುವ ಮೊದಲೇ ಕೈಬಿಟ್ಟವರು. ಎರಡನೆಯವರು ನೋಡುವ ಮೊದಲೇ ಉತ್ತರ ಬರೆದಿಟ್ಟುಕೊಂಡವರು. ಇವರಿಬ್ಬರಲ್ಲಿ ಎರಡನೆಯವರನ್ನು ತಿದ್ದುವುದು ಹೆಚ್ಚು ಕಷ್ಟ, ಏಕೆಂದರೆ ಅವರಿಗೆ ಚಿತ್ರದ ಅಗತ್ಯವೇ ಇರುವುದಿಲ್ಲ.

ಅನುಭಾವದ ಸಂಕೇತಗಳು ಆಧುನಿಕ ಮತ್ತು ಸಮಕಾಲೀನ ಚಿತ್ರಕಲೆಯಲ್ಲಿ ನಿಜವಾಗಿಯೂ ಇವೆ. ಯುರೋಪಿನಲ್ಲಿ ಅಮೂರ್ತ ಕಲೆ ಹುಟ್ಟಿದ ಕಾಲದಲ್ಲೇ ಹಿಲ್ಮಾ ಆಫ್ ಕ್ಲಿಂಟ್, ಕ್ಯಾಂಡಿನ್‌ಸ್ಕಿ, ಮಾಂಡ್ರಿಯಾನ್ ಮೊದಲಾದ ಕಲಾವಿದರು, ಎಲ್ಲ ಧರ್ಮಗಳ ತಿರುಳು ಒಂದೇ ಎನ್ನುವ ಥಿಯಾಸಫಿಯಂತಹ ಅಧ್ಯಾತ್ಮ ಚಿಂತನೆಗಳಿಂದ ಪ್ರೇರಣೆ ಪಡೆದಿದ್ದರು. ಮಾಂಡ್ರಿಯಾನ್ 1909ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಸದಸ್ಯನೇ ಆಗಿದ್ದ. ನಮ್ಮಲ್ಲಿ 1960ರ ದಶಕದಿಂದ ಈಚೆಗೆ ಕೆ.ಸಿ.ಎಸ್. ಪಣಿಕ್ಕರ್, ಜಿ.ಆರ್. ಸಂತೋಷ್, ಬಿರೇನ್ ಡೇ, ಎಸ್.ಎಚ್. ರಝಾ ಮುಂತಾದವರು ಪೂಜೆಗೆ ಬರೆಯುವ ಯಂತ್ರ, ಮಂಡಲ, ಬಿಂದು, ಜಾತಕದ ಕುಂಡಲಿಗಳಂತಹ ರೂಪಗಳನ್ನು ಕ್ಯಾನ್ವಾಸಿಗೆ ತಂದರು. ಆದರೆ ಇವರಲ್ಲಿ ಯಾರೂ ಒಂದೇ ನಿಘಂಟನ್ನು ಮುಂದಿಟ್ಟುಕೊಂಡು ಚಿತ್ರ ಬರೆದವರಲ್ಲ. ಆದ್ದರಿಂದ ಈ ಲೇಖನ ಸಂಕೇತಗಳ ಪಟ್ಟಿಯನ್ನು ಕೊಡುವುದಿಲ್ಲ. ನಿಮಗೆ ಹೊಳೆದ ಅರ್ಥವನ್ನು ಒಪ್ಪಬಹುದೇ ಬಿಡಬೇಕೇ ಎಂದು ನೀವೇ ತೀರ್ಮಾನಿಸುವ ಕ್ರಮವನ್ನು ಕೊಡುತ್ತದೆ. ಆ ಕ್ರಮದ ತಿರುಳು ಇಷ್ಟು: ಚಿತ್ರದಲ್ಲಿ ಕಣ್ಣಿಗೆ ಕಾಣುವ ಸಂಗತಿ ಒಂದು ಸಾಕ್ಷಿ, ಅದೇ ಕಲಾವಿದರ ಉಳಿದ ಕೃತಿಗಳು ಮತ್ತು ಬದುಕು ಇನ್ನೊಂದು ಸಾಕ್ಷಿ, ಸಂಕೇತ ಬಂದ ಪರಂಪರೆ ಮೂರನೆಯದು. ಚಿತ್ರದ ಸಾಕ್ಷ್ಯವಿಲ್ಲದೆ ಯಾವ ಅರ್ಥವನ್ನೂ ಒಪ್ಪಬೇಡಿ. ಅದರ ಜೊತೆಗೆ ಉಳಿದೆರಡರಲ್ಲಿ ಒಂದಾದರೂ ನಿಲ್ಲಬೇಕು.

ಕರಾವಳಿಯ ನೋಡುಗರಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ. ನಾಗಮಂಡಲ, ಭೂತಕೋಲ, ಯಕ್ಷಗಾನದ ಮುಖವರ್ಣಿಕೆ, ದೇವಸ್ಥಾನದ ಪ್ರಭಾವಳಿ, ಇಗರ್ಜಿಯ ಚಿತ್ರಪಟ ಇವೆಲ್ಲವನ್ನೂ ಒಂದೇ ತಾಲೂಕಿನೊಳಗೆ ನೋಡುತ್ತ ಬೆಳೆದವರಿಗೆ ರೂಪವೊಂದು ತನ್ನ ಆಚೆಗಿನ ಇನ್ನೊಂದನ್ನು ಸೂಚಿಸಬಲ್ಲದು ಎಂಬುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಅಪಾಯವೂ ಇಲ್ಲೇ ಇದೆ. ಮನೆಯ ಬನದಲ್ಲಿ ಕಂಡ ಅರ್ಥವನ್ನು ಎಲ್ಲಿಯೋ ಬರೆದ ಚಿತ್ರದ ಮೇಲೆ ಹೇರುವ ಅಭ್ಯಾಸ ನಮಗೆ ಬೇಗ ಅಂಟಿಕೊಳ್ಳುತ್ತದೆ.

ಮೊದಲ ಹಂತ: ಹೆಸರಿಡದೆ ನೋಡುವುದು

ಒಂದು ಸಣ್ಣ ಪುಸ್ತಕ ಮತ್ತು ಪೆನ್ಸಿಲ್ ಜೊತೆಯಲ್ಲಿರಲಿ. ಇಡೀ ಪ್ರದರ್ಶನವನ್ನು ಒಮ್ಮೆ ಸುತ್ತಿ, ಒಂದೇ ಒಂದು ಚಿತ್ರವನ್ನು ಆರಿಸಿಕೊಳ್ಳಿ, ಮತ್ತು ಪಕ್ಕದಲ್ಲಿರುವ ಫಲಕವನ್ನು ಓದದೆ ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ಮೊದಲು ನಾಲ್ಕೈದು ಹೆಜ್ಜೆ ದೂರದಿಂದ, ಆಮೇಲೆ ಒಂದು ಕೈಯಳತೆಯಿಂದ, ಕೊನೆಗೆ ಪಕ್ಕದಿಂದ ಓರೆಯಾಗಿ ನೋಡಿ. ಓರೆಯಾಗಿ ನೋಡಿದಾಗ ಬೆಳಕು ಬಣ್ಣದ ಮೇಲ್ಮೈಯನ್ನು ಸವರಿಕೊಂಡು ಹೋಗುವುದರಿಂದ ಎಲ್ಲಿ ಬಣ್ಣ ದಪ್ಪವಾಗಿದೆ, ಎಲ್ಲಿ ಕೆರೆದು ತೆಗೆಯಲಾಗಿದೆ, ಎಲ್ಲಿ ಹಳೆಯ ಗೆರೆಯನ್ನು ಮುಚ್ಚಿ ಹೊಸದನ್ನು ಎಳೆಯಲಾಗಿದೆ ಎಂಬುದು ಗೊತ್ತಾಗುತ್ತದೆ. ಕಲಾವಿದರು ಮನಸ್ಸು ಬದಲಾಯಿಸಿದ ಜಾಗಗಳು ಇವು. ಅರ್ಥ ಹುಡುಕುವವರಿಗೆ ಇವುಗಳಿಗಿಂತ ಒಳ್ಳೆಯ ಸುಳಿವು ಇಲ್ಲ.

ಟಿಪ್ಪಣಿ ಮಾಡಿಕೊಳ್ಳುವಾಗ ವಸ್ತುಗಳ ಹೆಸರು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. "ಹಾವು" ಎಂದು ಬರೆದ ಕೂಡಲೇ ನಾಗದೋಷದಿಂದ ಹಿಡಿದು ಆದಿಶೇಷನವರೆಗಿನ ಕಥೆಗಳೆಲ್ಲ ತಲೆಗೆ ನುಗ್ಗುತ್ತವೆ. "ಎಡಗಡೆಯಿಂದ ಕೆಳಗಿಳಿಯುವ ದಪ್ಪ ಬಾಗುಗೆರೆ, ತುದಿ ಕವಲೊಡೆದಿದೆ, ಬಣ್ಣ ಉಳಿದ ಚಿತ್ರಕ್ಕಿಂತ ತೆಳು" ಎಂದು ಬರೆದುಕೊಂಡರೆ ಅದು ಹಾವೋ, ಹೊಳೆಯೋ, ಹಗ್ಗವೋ ಎಂಬ ಪ್ರಶ್ನೆ ತೆರೆದೇ ಇರುತ್ತದೆ. ಕಣ್ಣು ಮೊದಲು ಹೋದ ಜಾಗ ಯಾವುದು, ಅತಿ ದೊಡ್ಡ ಖಾಲಿ ಜಾಗ ಎಲ್ಲಿದೆ, ಯಾವ ಆಕಾರ ಮತ್ತೆ ಮತ್ತೆ ಬಂದಿದೆ, ಚೌಕಟ್ಟಿನ ಅಂಚು ಯಾವುದನ್ನು ಅರ್ಧಕ್ಕೆ ಕತ್ತರಿಸಿದೆ ಎಂಬ ನಾಲ್ಕು ಸಂಗತಿಗಳನ್ನು ತಪ್ಪದೆ ಗುರುತಿಸಿ.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಎಲ್ಲ ಗೆರೆಯೂ ಸಂಕೇತವಲ್ಲ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯುವುದಕ್ಕೆಂದೇ ಪಂಡಿತ್ ಸುಂದರ್ ಪ್ರಸಾದ್ ಅವರಲ್ಲಿ ಕಥಕ್ ಕಲಿತಿದ್ದರು. ಅವರ ರೇಖಾಚಿತ್ರದಲ್ಲಿ ನರ್ತಕಿಯ ತೋಳಾಗಿ ಹೊರಟ ಗೆರೆ ಎಲ್ಲಿಯೂ ತಡೆಯದೆ ಸೊಂಟವಾಗಿ, ಸೆರಗಾಗಿ ಇಳಿಯುವುದನ್ನು ನೋಡಿ "ಇದು ಪ್ರಾಣಶಕ್ತಿಯ ಹರಿವು" ಎನ್ನುವವರಿದ್ದಾರೆ. ಅಲ್ಲಿ ಇರುವುದು ಲಯ. ಲಯವನ್ನು ಲಯವಾಗಿಯೇ ಕಾಣುವುದು ಚಿತ್ರಕ್ಕೆ ಸಲ್ಲಿಸುವ ಗೌರವ.

ಎರಡನೆಯ ಹಂತ: ಯಾವುದರಿಂದ ಮಾಡಿದ್ದು

ಸಮಕಾಲೀನ ಕಲೆಯಲ್ಲಿ ಎಷ್ಟೋ ಬಾರಿ ಆಕಾರಕ್ಕಿಂತ ಮೊದಲು ಸಾಮಗ್ರಿಯೇ ಮಾತನಾಡುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಚಿತ್ರಕಲಾವಿದೆಯಾಗಿ ಆರಂಭಿಸಿ, 1990ರ ದಶಕದಲ್ಲಿ ಸೆಗಣಿಯನ್ನೂ ಆಮೇಲೆ ಕುಂಕುಮ ಲೇಪಿಸಿದ ದಾರವನ್ನೂ ಬಳಸತೊಡಗಿದರು. ಆ ದಾರ ನೆಲದ ಮೇಲೂ ಗೋಡೆಯ ಮೇಲೂ ಹರಿದಾಗ ಅದು ನೆತ್ತರಿನಂತೆಯೂ ಮಂಗಲದ್ರವ್ಯದಂತೆಯೂ ಕಾಣುತ್ತದೆ. ಅದೇ ಕೆಂಪನ್ನು ಅಂಗಡಿಯ ಅಕ್ರಿಲಿಕ್ ಬಣ್ಣದಲ್ಲಿ ಬಳಿದಿದ್ದರೆ ಈ ಎರಡು ಅರ್ಥಗಳ ನಡುವಿನ ಬಿಗಿತ ಉಳಿಯುತ್ತಿರಲಿಲ್ಲ. ಜರ್ಮನಿಯ ಆನ್ಸೆಲ್ಮ್ ಕೀಫರ್ ತನ್ನ ದೊಡ್ಡ ಕೃತಿಗಳಲ್ಲಿ ಸೀಸ, ಹುಲ್ಲು, ಬೂದಿ ಬಳಸುವುದೂ ಹೀಗೆಯೇ. ರಸವಾದಿಗಳು ಚಿನ್ನವಾಗಿಸಲು ಹೊರಟ ಲೋಹ ಸೀಸವೇ ಎಂಬುದನ್ನು ಬಲ್ಲವರಿಗೆ ಆ ಬೂದುಬಣ್ಣದ ತಗಡು ಬರೀ ಹಿನ್ನೆಲೆಯಾಗಿ ಕಾಣುವುದಿಲ್ಲ.

ಈ ಪಾಠಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ. ನಾಗಮಂಡಲವನ್ನು ಬರೆಯುವಾಗ ಹತ್ತಿರ ನಿಂತು ನೋಡಿದವರಿಗೆ ಐದು ಬಣ್ಣಗಳೂ ಎಲ್ಲಿಂದ ಬರುತ್ತವೆ ಎಂಬುದು ಗೊತ್ತು: ಬಿಳಿಯ ಹುಡಿ, ಅರಸಿನದ ಹಳದಿ, ಅರಸಿನಕ್ಕೆ ಸುಣ್ಣ ಸೇರಿದಾಗ ಏಳುವ ಕೆಂಪು, ಎಲೆಯನ್ನು ಒಣಗಿಸಿ ಪುಡಿ ಮಾಡಿದ ಹಸುರು, ಸುಟ್ಟ ಹೊಟ್ಟಿನ ಕಪ್ಪು. ಮಂಡಲ ಬರೆಯುವ ವೈದ್ಯ ಸಮುದಾಯದವರು ಹಿಡಿ ತುಂಬ ಹುಡಿಯನ್ನು ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಸಣ್ಣಗೆ ಉದುರಿಸುತ್ತ, ಸುತ್ತಿಕೊಂಡ ನಾಗನ ಮೈಯನ್ನು ಗಂಟಿನಿಂದ ಗಂಟಿಗೆ ಕಟ್ಟುತ್ತ ಹೋಗುತ್ತಾರೆ. ಅಷ್ಟಪವಿತ್ರ, ಷೋಡಶಪವಿತ್ರ ಎಂಬ ಹೆಸರುಗಳೇ ಆ ಗಂಟುಗಳ ಲೆಕ್ಕದಿಂದ ಬಂದವು. ಬೆಳಗಾಗುವುದರೊಳಗೆ ಕುಣಿತದ ಕಾಲುಗಳಡಿ ಮಂಡಲ ಕಲಸಿಹೋಗುತ್ತದೆ, ಉಳಿದ ಹುಡಿಯನ್ನು ಜನ ಪ್ರಸಾದವಾಗಿ ಒಯ್ಯುತ್ತಾರೆ. ಈಗ ಕಲಾವಿದರೊಬ್ಬರು ಇದೇ ವಿನ್ಯಾಸವನ್ನು ಅಕ್ರಿಲಿಕ್‌ನಲ್ಲಿ ಬರೆದು, ವಾರ್ನಿಶ್ ಹಚ್ಚಿ, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರೆ ಆಕಾರ ಅದೇ, ಆದರೆ ಅಳಿಯಬೇಕಾದದ್ದು ಉಳಿದುಬಿಟ್ಟಿದೆ. ಅದು ಅಲಂಕಾರವೋ ಅಥವಾ ಆ ಉಳಿಯುವಿಕೆಯ ಬಗ್ಗೆಯೇ ಕಲಾವಿದರು ಏನನ್ನೋ ಹೇಳುತ್ತಿದ್ದಾರೋ ಎಂದು ಕೇಳಿಕೊಳ್ಳಿ. ಮಂಡಲದ ಒಂದು ಮೂಲೆಯನ್ನು ಕೈಯಿಂದ ಉಜ್ಜಿದಂತೆ ಕಲಸಿ ಬಿಟ್ಟಿದ್ದರೆ ಉತ್ತರ ಸಿಕ್ಕಂತೆಯೇ.

ಕರಾವಳಿಯ ಕಾವಿ ಕಲೆಯೂ ಹೀಗೆಯೇ ಸಾಮಗ್ರಿಯಿಂದ ಅರ್ಥ ಪಡೆಯುವಂಥದ್ದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಒಣಗುವ ಮೊದಲೇ ಕೆರೆದು ಕೆಳಗಿನ ಬಿಳುಪನ್ನು ಹೊರಗೆ ತರುವುದು ಅದರ ವಿಧಾನ. ಇಂದಿನ ಚಿತ್ರದಲ್ಲಿ ಕೆಂಪು ಮತ್ತು ಬಿಳಿ ಎರಡೇ ಬಣ್ಣ ಕಂಡು, ಬಿಳಿಯನ್ನು ಬಳಿಯದೆ ಕೆರೆದು ತೆಗೆದಿದ್ದರೆ, ಕಲಾವಿದರು ಹಳೆಯ ದೇವಸ್ಥಾನಗಳ ಗೋಡೆಯನ್ನು ನೆನೆಯುತ್ತಿರುವ ಸಾಧ್ಯತೆ ಹೆಚ್ಚು.

ಮೂರನೆಯ ಹಂತ: ಸಂಕೇತ ಯಾರದು ಎಂದು ವಿಂಗಡಿಸುವುದು

ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಬಹುಪಾಲು ತಪ್ಪುಗಳು ಆಗುವುದು ಇಲ್ಲಿಯೇ. ಪುಸ್ತಕದಲ್ಲಿ ಗುರುತಿಸಿಕೊಂಡ ಪ್ರತಿಯೊಂದು ಆಕಾರವೂ ಪರಂಪರೆಯಿಂದ ಬಂದದ್ದೇ, ಕಲಾವಿದರು ತಾವೇ ಕಟ್ಟಿಕೊಂಡದ್ದೇ, ಅಥವಾ ನೀವು ಮನೆಯಿಂದ ಹೊತ್ತು ತಂದದ್ದೇ ಎಂದು ಬೇರೆ ಮಾಡಿ.

ಪರಂಪರೆಯ ಸಂಕೇತಗಳನ್ನು ಓದಲು ಕಲಿಯುವುದಕ್ಕೆ ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್‌ನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಇಟಲಿಯ ಜೆಸ್ಯೂಟ್ ಸಹೋದರ ಅಂತೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಲ್ಲಿಗೆ ಬಂದು, ಗೋಡೆಗಳಿಗೆ ಭಿತ್ತಿಚಿತ್ರಗಳನ್ನೂ ಚಾವಣಿಗೆ ಕ್ಯಾನ್ವಾಸಿನ ತೈಲಚಿತ್ರಗಳನ್ನೂ ಬರೆದ. ಅದು ಸಮಕಾಲೀನ ಕಲೆಯಲ್ಲ, ನಿಜ. ಆದರೆ ಅಲ್ಲಿ ಸಂಕೇತಗಳಿಗೆ ನಿಶ್ಚಿತ ಅರ್ಥವಿದೆ ಎಂಬ ಕಾರಣಕ್ಕೇ ಅಭ್ಯಾಸಕ್ಕೆ ಅದು ತಕ್ಕದ್ದು. ಕ್ರೈಸ್ತ ಚಿತ್ರಪರಂಪರೆಯಲ್ಲಿ ಕೈಯಲ್ಲಿ ಬೀಗದ ಕೈಗಳಿದ್ದರೆ ಯೇಸುವಿನ ಶಿಷ್ಯ ಪೇತ್ರ. ಬಿಳಿ ಲಿಲ್ಲಿ ಹೂ ಪರಿಶುದ್ಧತೆಯ ಗುರುತು. ಪಕ್ಕಕ್ಕೆ ಸರಿಸಿಟ್ಟ ಕಿರೀಟ, ಕುಲೀನ ಮನೆತನದ ಹಕ್ಕನ್ನು ತೊರೆದು ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ ತೀರಿಕೊಂಡ ಅಲೋಶಿಯಸ್ ಗೊನ್ಝಾಗಾನ ತ್ಯಾಗ. ಈ ಸಂಕೇತಗಳಲ್ಲಿ ಗುಟ್ಟೇನೂ ಇಲ್ಲ, ನೋಡುವವರಿಗೆ ತಿಳಿಯಲೆಂದೇ ಇವುಗಳನ್ನು ಇಟ್ಟದ್ದು.

ಈಗ ಅದೇ ಕಣ್ಣಿನಿಂದ, ತಲೆಯ ಹಿಂದೆ ಬರೆದ ಒಂದು ಕಮಾನನ್ನು ಯೋಚಿಸಿ. ಚಾಪೆಲ್‌ನಲ್ಲಿ ಅದು ಸಂತನ ತಲೆಯ ಸುತ್ತಲಿನ ಪ್ರಭೆ. ಉಡುಪಿಯ ಯಾವುದೇ ಗುಡಿಯಲ್ಲಿ ಅದು ದೇವರ ಹಿಂದಿನ ಪ್ರಭಾವಳಿ. ಕೋಲದ ಅಂಗಳದಲ್ಲಿ ಅದು ಪಾತ್ರಧಾರಿ ಬೆನ್ನಿಗೆ ಕಟ್ಟಿಕೊಂಡ ಅಣಿ. ಮೂರೂ ಪವಿತ್ರತೆಯನ್ನೇ ಹೇಳುತ್ತವೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಸಂತನ ಪ್ರಭೆ ಅವನೊಳಗಿನ ಗುಣ ಹೊರಗೆ ಬೆಳಗಿದ್ದು. ಪ್ರಭಾವಳಿ ದೇವರಿಗೆ ಸಲ್ಲಿಸಿದ ಸ್ಥಾನ. ಅಣಿಯಾದರೋ ಮನುಷ್ಯನೊಬ್ಬ ಒಂದು ರಾತ್ರಿಯ ಮಟ್ಟಿಗೆ ಹೊತ್ತು, ಬೆಳಿಗ್ಗೆ ಬಿಚ್ಚಿಡುವ ಭಾರ. ಕಮಾನಿನ ಕಡ್ಡಿಗಳು, ಕಟ್ಟಿದ ಹಗ್ಗ, ಭುಜದ ಮೇಲೆ ಬಿದ್ದ ತೂಕ ಇವು ಚಿತ್ರದಲ್ಲಿ ಕಾಣುತ್ತವೆಯೇ ಎಂದು ನೋಡಿದರೆ ಇದು ಯಾವ ಕಮಾನು ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ. ಹಾವಿನ ವಿಷಯದಲ್ಲೂ ಇದೇ ಮಾತು: ನಾಗಬನದಲ್ಲಿ ಹಾಲು, ಎಳನೀರಿನ ತನು ಎರೆಸಿಕೊಳ್ಳುವ ಹಾವು, ಯೇಸುವಿನ ತಾಯಿ ಅಮಲೋದ್ಭವ ಮರಿಯಮ್ಮನ ಪಾದದಡಿ ತುಳಿಸಿಕೊಳ್ಳುವ ಹಾವು, ಇವೆರಡೂ ನಮ್ಮೂರಿನಲ್ಲಿ ಒಂದು ಮೈಲಿಯೊಳಗೆ ಸಿಗುತ್ತವೆ.

ಕಲಾವಿದರು ತಾವೇ ಕಟ್ಟಿಕೊಂಡ ಸಂಕೇತಗಳನ್ನು ಒಂದೇ ಚಿತ್ರದಿಂದ ಬಿಡಿಸುವುದು ಸಾಧ್ಯವಿಲ್ಲ. ಹಿಲ್ಮಾ ಆಫ್ ಕ್ಲಿಂಟ್ 1906ರಿಂದ 1915ರವರೆಗೆ ದೇವಾಲಯಕ್ಕಾಗಿ ಎಂದು ಬರೆದ 193 ಚಿತ್ರಗಳಲ್ಲಿ ನೀಲಿ ಸ್ತ್ರೀತತ್ತ್ವ, ಹಳದಿ ಪುರುಷತತ್ತ್ವ. ಇದು ನಮಗೆ ಗೊತ್ತಾಗುವುದು ಆಕೆಯ ಟಿಪ್ಪಣಿ ಪುಸ್ತಕಗಳಿಂದ, ಬಣ್ಣವನ್ನು ಎಷ್ಟು ದಿಟ್ಟಿಸಿದರೂ ಅದು ಹೊಳೆಯುವುದಿಲ್ಲ. ತಯ್ಯಬ್ ಮೆಹ್ತಾ ಅವರ ಎತ್ತನ್ನು ನೋಡಿದ ಕೂಡಲೇ ನಮ್ಮವರ ಬಾಯಲ್ಲಿ ನಂದಿ ಎಂಬ ಮಾತು ಬರುತ್ತದೆ. ಆದರೆ ಅವರ ಚಿತ್ರಗಳ ಎತ್ತು ಕಸಾಯಿಖಾನೆಯಲ್ಲಿ ಕಾಲು ಕಟ್ಟಿಸಿಕೊಂಡು ಬಿದ್ದ ಎತ್ತು. 1947ರ ಗಲಭೆಯಲ್ಲಿ ಮುಂಬಯಿಯ ಬೀದಿಯಲ್ಲಿ ಒಬ್ಬನನ್ನು ಕೊಂದದ್ದನ್ನು ಕಿಟಕಿಯಿಂದ ಕಂಡ ಆ ಕಲಾವಿದ ಬದುಕಿನುದ್ದಕ್ಕೂ ಹಿಂಸೆಯ ರೂಪವನ್ನೇ ಹುಡುಕಿದರು, ಅವರ ಮಹಿಷಾಸುರ ಮತ್ತು ಕಾಳಿಯನ್ನೂ ಆ ಎತ್ತಿನ ಜೊತೆಗೇ ಇಟ್ಟು ನೋಡಬೇಕು. ಎಂ.ಎಫ್. ಹುಸೇನರ ಮದರ್ ತೆರೇಸಾ ಚಿತ್ರಗಳಲ್ಲಿ ನೀಲಿ ಅಂಚಿನ ಸೀರೆಯೊಳಗೆ ಮುಖವೇ ಇಲ್ಲದಿರುವುದನ್ನು ದೈವಿಕ ಶೂನ್ಯ ಎಂದು ವಿವರಿಸುವ ಮೊದಲು, ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರಿಗೆ ಆಕೆಯ ಮುಖದ ನೆನಪೇ ಇರಲಿಲ್ಲ ಎಂಬುದನ್ನು ತಿಳಿದಿರಬೇಕು. ಒಂದೇ ಕಲಾವಿದರ ಹತ್ತು ಚಿತ್ರಗಳನ್ನಾದರೂ ಮೊಬೈಲಿನಲ್ಲಿ ತೆರೆದು ಪಕ್ಕಪಕ್ಕಕ್ಕೆ ನೋಡಿ. ಎಲ್ಲದರಲ್ಲೂ ಮರುಕಳಿಸುವ ಆಕಾರವೇ ಅವರ ಸ್ವಂತ ಸಂಕೇತ.

ಕೆ.ಸಿ.ಎಸ್. ಪಣಿಕ್ಕರ್ ಅವರ ವಿಚಾರ ತುಸು ಬೇರೆ. 1963ರಿಂದ ಅವರು ಬರೆದ ಪದ ಮತ್ತು ಸಂಕೇತಗಳ ಸರಣಿಯಲ್ಲಿ ಮಲಯಾಳ ಲಿಪಿಯಂತಹ ಅಕ್ಷರಗಳು, ಗಣಿತದ ಗುರುತುಗಳು, ಜಾತಕದ ಮನೆಗಳು ಕ್ಯಾನ್ವಾಸಿನ ತುಂಬ ಹರಡಿವೆ. ಓದಲು ಹೊರಟವರಿಗೆ ಒಂದು ವಾಕ್ಯವೂ ಸಿಗುವುದಿಲ್ಲ. ಅಜ್ಜನ ಕಾಲದ ತಾಳೆಗರಿಯನ್ನು ಕೈಯಲ್ಲಿ ಹಿಡಿದು, ಇದರಲ್ಲಿ ಏನೋ ಇದೆ ಎಂದು ಮಾತ್ರ ಅರಿವಾಗಿ ಓದಲಾರದೆ ಕುಳಿತವರ ಅನುಭವವನ್ನು ಅವರು ಚಿತ್ರವಾಗಿಸಿದ್ದಾರೆ ಎಂದು ನನ್ನ ಎಣಿಕೆ. ಗೂಢವಾಗಿರುವುದೇ ವಸ್ತುವಾಗಿರುವ ಇಂತಹ ಚಿತ್ರಗಳಲ್ಲಿ ಗುಟ್ಟನ್ನು ಬಿಡಿಸುವ ಹಟ ಬೇಡ.

ಮೂರನೆಯ ರಾಶಿ, ಅಂದರೆ ನೀವೇ ತಂದದ್ದು, ನಿಷ್ಪ್ರಯೋಜಕವೇನಲ್ಲ. ಅದನ್ನು ಅದರ ಹೆಸರಿನಿಂದ ಕರೆದು, "ನನಗೆ ಹೀಗೆ ನೆನಪಾಯಿತು" ಎಂದು ಬೇರೆಯಾಗಿ ಬರೆದಿಡಿ.

ನಾಲ್ಕನೆಯ ಹಂತ: ಬಣ್ಣ, ಬಿಂದು, ತ್ರಿಕೋನ

ಬಣ್ಣಕ್ಕೆ ನಿಶ್ಚಿತ ಅರ್ಥವಿದೆ ಎನ್ನುವವರಿಗೆ ಒಂದು ಸಣ್ಣ ಪರೀಕ್ಷೆ. ನಾಟ್ಯಶಾಸ್ತ್ರದಲ್ಲಿ ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ. ಕೋಲದಲ್ಲಿ ಮುಖಕ್ಕೆ ಬಳಿಯುವ ಅರದಾಳವೆಂಬ ಖನಿಜದ ಹಳದಿಯ ಮುಂದೆ ನಿಂತವರಿಗೆ ಅದು ಬೆರಗಿನಷ್ಟೇ ಭಯವನ್ನೂ ಹುಟ್ಟಿಸುತ್ತದೆ. ಅರಸಿನದ ಹಳದಿ ಮದುವೆಮನೆಯದು. ಒಂದೇ ಹಳದಿ ಮೂರು ಕಡೆ ಮೂರು ಕೆಲಸ ಮಾಡುವಾಗ, ಬಣ್ಣದ ಅರ್ಥ ಅದರ ನೆರೆಹೊರೆಯಿಂದಲೇ ಗೊತ್ತಾಗಬೇಕು. ಆದ್ದರಿಂದ ಒಂದು ಬಣ್ಣವನ್ನು ಕಂಡಾಗ ಅದರ ಪಕ್ಕದ ಬಣ್ಣ ಯಾವುದು, ಎಷ್ಟು ಜಾಗ ಆಕ್ರಮಿಸಿದೆ, ಚಿತ್ರದಲ್ಲಿ ಬೇರೆಲ್ಲಿಯಾದರೂ ಅದು ಸಣ್ಣದಾಗಿ ಮತ್ತೆ ಬಂದಿದೆಯೇ ಎಂದು ನೋಡಿ.

ಜ್ಯಾಮಿತಿಯ ವಿಷಯದಲ್ಲಿ ಪರಂಪರೆ ತುಸು ಹೆಚ್ಚು ಖಚಿತವಾಗಿದೆ. ಶ್ರೀಯಂತ್ರದಲ್ಲಿ ಒಂಬತ್ತು ತ್ರಿಕೋನಗಳು ಒಂದರೊಳಗೊಂದು ಹೆಣೆದುಕೊಂಡು, ಸುತ್ತಲೂ ಎಂಟು ಮತ್ತು ಹದಿನಾರು ದಳಗಳು, ಹೊರಗೆ ನಾಲ್ಕು ಬಾಗಿಲುಗಳ, ಭೂಪುರವೆಂಬ ಚೌಕ, ನಡುವೆ ಬಿಂದು ಇರುತ್ತವೆ. ಜಿ.ಆರ್. ಸಂತೋಷ್ 1964ರ ಅಮರನಾಥ ಯಾತ್ರೆಯ ನಂತರ ಕಾಶ್ಮೀರ ಶೈವದತ್ತ ತಿರುಗಿ, ಇದೇ ತ್ರಿಕೋನಗಳನ್ನು ಧ್ಯಾನಕ್ಕೆ ಕುಳಿತ ದೇಹದಂತೆ ಬರೆದರು. ಅವರ ಚಿತ್ರದಲ್ಲಿ ಯಂತ್ರದ ಅರ್ಥವನ್ನು ಹುಡುಕುವುದು ಸರಿಯಾದ ದಾರಿಯೇ. ರಝಾ ಅವರ ಬಿಂದುವಿಗೆ ಎರಡು ಮೂಲಗಳಿವೆ. ಮಧ್ಯಪ್ರದೇಶದ ಶಾಲೆಯಲ್ಲಿ ಚಂಚಲನಾದ ಹುಡುಗನಿಗೆ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಬರೆದು ಅದನ್ನೇ ನೋಡು ಎಂದಿದ್ದರು ಎಂಬುದು ಒಂದು. ದಶಕಗಳ ಕಾಲ ಫ್ರಾನ್ಸಿನಲ್ಲಿ ನೆಲದೃಶ್ಯಗಳನ್ನು ಬರೆದ ಮೇಲೆ ಭಾರತೀಯ ಚಿಂತನೆಯಿಂದ ಅವರು ಮತ್ತೆ ಪಡೆದುಕೊಂಡ ಬೀಜರೂಪ ಇನ್ನೊಂದು. ಎರಡನ್ನೂ ತಿಳಿದವರಿಗೆ ಆ ಕಪ್ಪು ವೃತ್ತ ಜಗತ್ತಿನ ಮೂಲವೂ ಹೌದು, ಹುಡುಗನೊಬ್ಬನ ಅಂಕೆಗೆ ಬಂದ ಮನಸ್ಸೂ ಹೌದು. ಆದರೆ ವೃತ್ತ ಬರೆದವರೆಲ್ಲ ರಝಾ ಅಲ್ಲ. ಬಿಂದುವನ್ನು ಬರೀ ವಿನ್ಯಾಸವಾಗಿ ಬಳಸುವ ಚಿತ್ರಗಳು ಇಂದು ಹೋಟೆಲಿನ ಹಜಾರಗಳಲ್ಲಿ ಬೇಕಾದಷ್ಟಿವೆ.

ಐದನೆಯ ಹಂತ: ಜಾಗ ಮತ್ತು ಫಲಕ

ಚಿತ್ರವನ್ನು ಎಲ್ಲಿ ತೂಗುಹಾಕಿದ್ದಾರೆ ಎಂಬುದನ್ನು ಗಮನಿಸಿ. 1915ರ ಡಿಸೆಂಬರಿನಲ್ಲಿ ಪೆಟ್ರೋಗ್ರಾಡ್‌ನ ಪ್ರದರ್ಶನದಲ್ಲಿ ಚಿತ್ರಕಾರ ಮಲೇವಿಚ್ ತನ್ನ ಕಪ್ಪು ಚೌಕವನ್ನು ಎರಡು ಗೋಡೆ ಸೇರುವ ಮೂಲೆಯಲ್ಲಿ, ಮೇಲೆ ಇಟ್ಟ. ರಷ್ಯದ ಮನೆಗಳಲ್ಲಿ ದೇವರ ಪಟವಿಡುವ ಜಾಗ ಅದು. ಚೌಕದೊಳಗೆ ಇಲ್ಲದ ಮಾತನ್ನು ಮೂಲೆ ಹೇಳಿತು.

ಈಗ ಫಲಕವನ್ನು ಓದಿ. ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ ಎಲ್ಲವನ್ನೂ ಬರೆದುಕೊಳ್ಳಿ. ವರ್ಷವನ್ನು ಬಿಡಬೇಡಿ, ಆ ವರ್ಷ ಊರಿನಲ್ಲಿ, ದೇಶದಲ್ಲಿ ಏನು ನಡೆದಿತ್ತು ಎಂಬುದು ಎಷ್ಟೋ ಬಾರಿ ಶೀರ್ಷಿಕೆಗಿಂತ ಹೆಚ್ಚು ಹೇಳುತ್ತದೆ. ಚಿತ್ರದೊಳಗೇ ಅಕ್ಷರವಿದ್ದರೆ ಅದನ್ನು ಆಕಾರವಾಗಿ ಮಾತ್ರ ನೋಡಿ ಮುಂದೆ ಸಾಗಬೇಡಿ. ರಝಾ ಅವರ 1981ರ 'ಮಾಂ' ಚಿತ್ರದಲ್ಲಿ ಅಶೋಕ್ ವಾಜಪೇಯಿ ಅವರ ಹಿಂದಿ ಕವಿತೆಯ ಸಾಲೊಂದಿದೆ. ಮರಳಿ ಬರುವಾಗ ಏನು ತರಲಿ ಎಂದು ತಾಯಿಯನ್ನು ಕೇಳುವ ಆ ಸಾಲನ್ನು ಓದಿದ ಮೇಲೆ, ಪ್ಯಾರಿಸ್ಸಿನಲ್ಲಿ ಕುಳಿತು ಬರೆದ ಕಪ್ಪು ಬಿಂದುವಿನಲ್ಲಿ ಊರಿನ ಹಂಬಲವೂ ಕಾಣತೊಡಗುತ್ತದೆ. ಕ್ಯಾಟಲಾಗಿನ ಪರಿಚಯ ಬರಹವನ್ನು ಕೊನೆಗೆ ಓದಿ. ಪರಬ್ರಹ್ಮ, ಚೈತನ್ಯ, ಅನಂತ ಎಂಬ ಮಾತುಗಳು ಒಂದೇ ಪುಟದಲ್ಲಿ ಹತ್ತು ಬಾರಿ ಬಂದಿದ್ದರೆ ಆ ಬರಹವನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದು.

ಆರನೆಯ ಹಂತ: ಹೊಳೆದ ಅರ್ಥವನ್ನು ಒರೆಗೆ ಹಚ್ಚುವುದು

ಅಭ್ಯಾಸಕ್ಕಾಗಿ ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ಅಡಿ ಎತ್ತರದ ಕ್ಯಾನ್ವಾಸ್, ಹಿನ್ನೆಲೆ ಮುರಕಲ್ಲಿನ ಕೆಂಪು. ನಡುವೆ ನಿಂತ ಆಕೃತಿಗೆ ಮುಖವಿಲ್ಲ, ಮುಖದ ಜಾಗದಲ್ಲಿ ಹಳದಿ ಬಳಿದು ಬಿಟ್ಟಿದ್ದಾರೆ. ತಲೆಯ ಹಿಂದೆ ಸಣ್ಣ ಕಡ್ಡಿಗಳ ಅರ್ಧವೃತ್ತ. ಕೆಳಗಿನ ಅಂಚಿನಲ್ಲಿ ಎರಡು ದಪ್ಪ ಬಳೆಗಳು, ಕಾಲಿಗೆ ತೊಡಿಸದೆ ನೆಲದ ಮೇಲೆ ಇಟ್ಟಂತಿವೆ. ಬಲಗಡೆ ಮಸುಕಾಗಿ ಅಂಕಿಗಳ ಸಾಲು, ನಡುವೆ ಓರೆಗೀಟು. ಮೇಲೆ ಎಡಮೂಲೆಯಲ್ಲಿ ಒಂದು ಸಣ್ಣ ಬಿಳಿ ಚೌಕ. ಶೀರ್ಷಿಕೆ 'ಗಡಿ'.

ಬೇಗ ಬರುವ ಉತ್ತರ: ಇದು ಜ್ಞಾನೋದಯ ಪಡೆದ ಸಂತ, ಮುಖವಿಲ್ಲದ್ದು ಅಹಂಕಾರ ಅಳಿದದ್ದು, ಚೌಕ ಮೋಕ್ಷದ ಬಾಗಿಲು. ಕೇಳಲು ಚೆಂದ, ಆದರೆ ಈ ಉತ್ತರದಲ್ಲಿ ಬಳೆಗಳಿಗೂ ಅಂಕಿಗಳಿಗೂ ಕೆಲಸವಿಲ್ಲ. ಈಗ ನಿಧಾನವಾಗಿ ಹೋಗಿ. ಕಡ್ಡಿಗಳ ಅರ್ಧವೃತ್ತ, ಅರದಾಳದ ಹಳದಿ, ನೆಲದ ಮೇಲಿನ ದಪ್ಪ ಬಳೆ ಮೂರನ್ನೂ ಒಟ್ಟಿಗೆ ಇಟ್ಟರೆ ಅವು ಅಣಿ, ಮುಖವರ್ಣಿಕೆ ಮತ್ತು ಕೋಲದಲ್ಲಿ ಕಾಲಿಗೆ ತೊಡುವ ಗಗ್ಗರ. ಗಗ್ಗರ ಇನ್ನೂ ಕಾಲಿಗೆ ಏರಿಲ್ಲ, ಮುಖದ ಬಣ್ಣ ಇನ್ನೂ ಗೆರೆ ಪಡೆದಿಲ್ಲ. ಅಂದರೆ ಮನುಷ್ಯ ಪೂರ್ತಿ ಮನುಷ್ಯನಾಗಿಯೂ ಉಳಿಯದ, ದೈವವಾಗಿಯೂ ನಿಲ್ಲದ ಹೊತ್ತು. ಓರೆಗೀಟಿನ ಅಂಕಿಗಳನ್ನು ಪಹಣಿ ನೋಡಿದವರು ಕೂಡಲೇ ಗುರುತಿಸುತ್ತಾರೆ, ಅದು ಸರ್ವೆ ನಂಬರು. ತುಳುನಾಡಿನಲ್ಲಿ ದೈವಕ್ಕೂ ಭೂಮಿಗೂ, ಊರಿನ ಹಿರಿಯ ಮನೆತನವಾದ ಗುತ್ತಿನ ಮನೆಗೂ ಕಟ್ಟುಪಾಡಿಗೂ ಇರುವ ನಂಟು ತಿಳಿದವರಿಗೆ 'ಗಡಿ' ಎಂಬ ಶೀರ್ಷಿಕೆ ಈಗ ಎರಡು ಕಡೆಗೆ ತೆರೆದುಕೊಳ್ಳುತ್ತದೆ: ಜಮೀನಿನ ಗಡಿ, ಮತ್ತು ಮನುಷ್ಯ ದೈವವಾಗುವ ಗಡಿ. ಇದು ಗೂಢಾರ್ಥ ಎಂಬ ಹೆಸರಿಗೆ ತಕ್ಕದ್ದು, ಏಕೆಂದರೆ ಚಿತ್ರದ ಬಹುಪಾಲು ಭಾಗಗಳು ಅದರಲ್ಲಿ ಪಾಲು ಪಡೆಯುತ್ತವೆ.

ಬಿಳಿ ಚೌಕ ಇನ್ನೂ ಹೊರಗೇ ಉಳಿದಿದೆ. ಅದನ್ನು ಬಲವಂತದಿಂದ ಒಳಗೆ ತುರುಕಬೇಡಿ, ಪುಸ್ತಕದಲ್ಲಿ ಪ್ರಶ್ನೆಯಾಗಿಯೇ ಬರೆದಿಡಿ. ಅದೇ ಕಲಾವಿದರ ಇನ್ನೊಂದು ಚಿತ್ರದಲ್ಲಿ ಆ ಚೌಕ ಮತ್ತೆ ಕಂಡರೆ, ಅಲ್ಲಿ ಅದರ ಪಕ್ಕದಲ್ಲಿ ಏನಿದೆ ಎಂಬುದು ಉತ್ತರಕ್ಕೆ ದಾರಿಯಾದೀತು. ಇನ್ನೊಂದು ಪರೀಕ್ಷೆಯೂ ಇದೆ: ನೀವು ಒಪ್ಪಿದ ಅರ್ಥದಿಂದ ಚಿತ್ರದ ಒಂದು ಭಾಗವನ್ನು ತೆಗೆದು ನೋಡಿ. ಅಂಕಿಗಳಿಲ್ಲದಿದ್ದರೂ ನಿಮ್ಮ ಅರ್ಥ ಹಾಗೆಯೇ ನಿಲ್ಲುತ್ತದೆ ಎಂದಾದರೆ ನೀವು ಅಂಕಿಗಳನ್ನು ನೋಡಿಯೇ ಇಲ್ಲ.

ಎಲ್ಲಿ ಅಭ್ಯಾಸ ಮಾಡುವುದು, ಯಾರನ್ನು ಕೇಳುವುದು

ಸಂತ ಅಲೋಶಿಯಸ್ ಚಾಪೆಲ್‌ನಿಂದ ಆರಂಭಿಸಿ, ಆಮೇಲೆ ಮಣಿಪಾಲದಲ್ಲಿ ಹೆಬ್ಬಾರರ ಹೆಸರಿನ ಗ್ಯಾಲರಿಗೆ ಹೋದರೆ ನಿಶ್ಚಿತ ಸಂಕೇತದಿಂದ ಲಯದತ್ತ ಚಿತ್ರಕಲೆ ಸಾಗಿದ ಹಾದಿ ಒಂದೇ ದಿನದಲ್ಲಿ ಕಣ್ಣಿಗೆ ಕಟ್ಟುತ್ತದೆ. ಬಳಿಕ ಮಂಗಳೂರಿನ ಕೊಡಿಯಾಲ್‌ಗುತ್ತಿನ ಕಲಾಕೇಂದ್ರದಂತಹ ಕಡೆಗಳಲ್ಲಿ ನಡೆಯುವ ಪ್ರದರ್ಶನಗಳಿಗೂ, ಚಿತ್ರಕಲಾ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನಗಳಿಗೂ ಹೋಗಿ. ವಿದ್ಯಾರ್ಥಿಗಳ ಕೃತಿಗಳಲ್ಲಿ ಸಂಕೇತಗಳು ಒಂದಿಷ್ಟು ಕಿಕ್ಕಿರಿದಿರುತ್ತವೆ. ಅಭ್ಯಾಸಕ್ಕೆ ಅದು ಒಳ್ಳೆಯದೇ. ಫೋಟೊ ತೆಗೆಯುವ ಮೊದಲು ಎಲ್ಲ ಕಡೆಯೂ ಅನುಮತಿ ಕೇಳಿ.

ಮನೆಗೆ ಚಿತ್ರ ಕೊಳ್ಳಲು ಹೋದವರಿಗೆ ಒಂದು ಮಾತು. ಏಳು ಕುದುರೆಗಳನ್ನು ಪೂರ್ವದ ಗೋಡೆಗೆ ಹಾಕಿದರೆ ಏಳಿಗೆ, ಹರಿಯುವ ನೀರು ಉತ್ತರಕ್ಕಿದ್ದರೆ ಧನಲಾಭ ಎಂದು ಮಾರುವವರು ಹೇಳುವುದು ವ್ಯಾಪಾರದ ಮಾತು, ಚಿತ್ರದ ಅರ್ಥಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಲಾವಿದರು ಎದುರಿಗೆ ಸಿಕ್ಕಿದಾಗ "ಸರ್, ಇದರ ಅರ್ಥ ಏನು?" ಎಂದು ಕೇಳಿದರೆ ಅವರು ನಕ್ಕು "ನೀವೇ ಹೇಳಿ" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದರ ಬದಲು ಕೆಲಸದ ಬಗ್ಗೆ ಕೇಳಿ: ಮೊದಲು ಎಲ್ಲಿಂದ ಆರಂಭಿಸಿದಿರಿ, ಈ ಹಳದಿಯ ಕೆಳಗೆ ಮೊದಲು ಏನಿತ್ತು, ಈ ಚೌಕ ಕೊನೆಗೆ ಬಂದದ್ದೇ ಅಥವಾ ಮೊದಲೇ ಇತ್ತೇ. ಇಂತಹ ಪ್ರಶ್ನೆಗೆ ಬಹುತೇಕ ಕಲಾವಿದರು ಮನಬಿಚ್ಚಿ ಉತ್ತರಿಸುತ್ತಾರೆ. ಅವರು ಹೇಳಿದ್ದನ್ನು ನಿಮ್ಮ ಟಿಪ್ಪಣಿಯ ಎದುರು ಪುಟದಲ್ಲಿ ಬರೆದುಕೊಳ್ಳಿ, ನಿಮ್ಮದನ್ನು ಹೊಡೆದು ಹಾಕಬೇಡಿ. ಅವರ ಮುಂದಿನ ಪ್ರದರ್ಶನಕ್ಕೆ ಹೋಗುವಾಗ ಅದೇ ಪುಸ್ತಕವನ್ನು ಕೊಂಡೊಯ್ಯಿರಿ.